ಈ ತಿಂಗಳು ಎಷ್ಟು ಮಳೆ? ಗೆಳೆಯರ ಗುಂಪಿನಲ್ಲಿ ಹವಾಮಾನ ಊಹೆಯ ಸ್ಪರ್ಧೆ ನಡೆಸುವುದು ಹೇಗೆ

"ಈ ಸಲ ಮಳೆ ಜೋರು ನೋಡ್ತಾ ಇರಿ" ಅಂತ ಹೇಳುವವರು ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಇರುತ್ತಾರೆ. ತಿಂಗಳು ಮುಗಿದ ಮೇಲೆ ಅವರ ಮಾತು ನಿಜವಾಯಿತೇ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಆ ಲೆಕ್ಕ ಇಡುವುದೇ ಈ ಆಟ. ತಿಂಗಳು ಶುರುವಾಗುವ ಮೊದಲು ಎಲ್ಲರೂ ಒಂದೊಂದು ಸಂಖ್ಯೆ ಬರೆದು ಕೊಡುತ್ತಾರೆ. ತಿಂಗಳ ಕೊನೆಗೆ ಹವಾಮಾನ ಇಲಾಖೆಯ ಅಂಕಿಯ ಪಕ್ಕ ಅದನ್ನು ಇಟ್ಟು ನೋಡುತ್ತೇವೆ.

ಹೊಸ ಹುಚ್ಚೇನಲ್ಲ ಇದು. ಇಂಗ್ಲೆಂಡಿನ ಹವಾಮಾನ ಹವ್ಯಾಸಿಗಳು ಮಧ್ಯ ಇಂಗ್ಲೆಂಡಿನ ತಿಂಗಳ ಸರಾಸರಿ ಉಷ್ಣಾಂಶವನ್ನು ಹೀಗೆಯೇ ಊಹಿಸುತ್ತಾರೆ. ಆ ದಾಖಲೆ 1659ರಿಂದ ತಿಂಗಳು ತಿಂಗಳೂ ಸಿಗುತ್ತದೆ. ನಮ್ಮಲ್ಲಿ ಉಷ್ಣಾಂಶಕ್ಕಿಂತ ಮಳೆಯ ಮೇಲೆ ಜನರಿಗೆ ಆಸೆ ಜಾಸ್ತಿ. ಆದರೆ ಮಳೆಯನ್ನು ಊಹಿಸುವುದೂ ಕಷ್ಟ, ಅದಕ್ಕೆ ಅಂಕ ಕೊಡುವುದೂ ಕಷ್ಟ. ನಿಯಮಗಳನ್ನು ಮೊದಲೇ ಬಿಗಿಯಾಗಿ ಬರೆದಿಡದಿದ್ದರೆ ಎರಡನೇ ತಿಂಗಳಿಗೇ ಜಗಳ ಶುರುವಾಗುತ್ತದೆ.

ಮೊದಲು ಜಾಗ ಗೊತ್ತು ಮಾಡಿ

"ಬೆಂಗಳೂರಿನಲ್ಲಿ ಎಷ್ಟು ಮಳೆ?" ಅಂತ ಕೇಳಿದರೆ ಅದು ಪ್ರಶ್ನೆಯೇ ಅಲ್ಲ. ಬೆಂಗಳೂರಿನಲ್ಲಿ ಹವಾಮಾನ ಇಲಾಖೆ ನಗರ ಕೇಂದ್ರ, ಎಚ್‌ಎಎಲ್ ವಿಮಾನ ನಿಲ್ದಾಣ, ಕೆಂಪೇಗೌಡ ವಿಮಾನ ನಿಲ್ದಾಣ ಅಂತ ಬೇರೆ ಬೇರೆ ಕಡೆ ಮಳೆ ಅಳೆಯುತ್ತದೆ. ಮೇ ತಿಂಗಳ ಸಂಜೆಯ ಒಂದು ಗುಡುಗು ಮಳೆ ಒಂದು ಕಡೆ ರಸ್ತೆಯನ್ನೇ ಮುಳುಗಿಸಿ, ಇನ್ನೊಂದು ಕಡೆ ಧೂಳು ಕೂಡ ಅಡಗಿಸದೆ ಹೋಗಬಹುದು. ಆದ್ದರಿಂದ ಒಂದೇ ಕೇಂದ್ರವನ್ನು ಹೆಸರು ಹಿಡಿದು ಬರೆಯಿರಿ. ಅದು ಕೆಟ್ಟು ನಿಂತರೆ ಯಾವುದನ್ನು ನೋಡಬೇಕು ಅಂತಲೂ ಅಲ್ಲೇ ಬರೆಯಿರಿ.

ಗುಂಪಿನವರು ಬೇರೆ ಬೇರೆ ಊರಿನವರಾದರೆ ತಿಂಗಳಿಗೊಂದು ಊರು ಇಟ್ಟುಕೊಳ್ಳಬಹುದು. ನನಗಂತೂ ಇದೇ ಇಷ್ಟ. ಜನವರಿಯಲ್ಲಿ ಬೀದರ್ ಅಥವಾ ವಿಜಯಪುರದ ಚಳಿ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು. ಜುಲೈಯಲ್ಲಿ ಆಗುಂಬೆ ಅಥವಾ ಮಂಗಳೂರು. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿಗೆ, ಯಾಕೆಂದರೆ ಆ ನಗರಕ್ಕೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಅವೇ. ಜುಲೈಯಲ್ಲಿ ಬೆಂಗಳೂರನ್ನು ಇಟ್ಟುಕೊಂಡರೆ ಆಟ ಸಪ್ಪೆ. ಮೋಡ ಕವಿದಿರುತ್ತದೆ, ಜಿಟಿಜಿಟಿ ಹನಿಯುತ್ತದೆ, ಅಷ್ಟೇ.

ಇಲಾಖೆಯ ಕೇಂದ್ರ ಇಲ್ಲದ ಹಳ್ಳಿಯಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ನೋಡಬಹುದು. 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾದ ಸಂಸ್ಥೆ ಅದು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅವರ ಮಳೆಮಾಪಕಗಳಿವೆ. ಆದರೆ ಒಂದು ತಿಂಗಳಿಗೆ ಒಂದೇ ಮೂಲ. ಎರಡು ಕಡೆಯ ಅಂಕಿ ಬೆರೆಸಬೇಡಿ.

ಮಲೆನಾಡು, ಕೊಡಗಿನ ತೋಟದವರು ಗುಂಪಿನಲ್ಲಿದ್ದರೆ ಅವರ ಮನೆಯಲ್ಲೇ ಮಳೆಮಾಪಕ ಇರುತ್ತದೆ, ವರ್ಷಗಟ್ಟಲೆಯ ಲೆಕ್ಕದ ಪುಸ್ತಕವೂ ಇರುತ್ತದೆ. ಅವರು ಮಾತಾಡುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಉತ್ತರ ಯಾವ ಅಳತೆಯಲ್ಲಿ ಬರಬೇಕು ಅಂತ ಮೊದಲೇ ಹೇಳಿಬಿಡಿ. ಅಮೆರಿಕದಲ್ಲಿರುವ ಅಣ್ಣಂದಿರು ಫ್ಯಾರನ್‌ಹೀಟ್‌ನಲ್ಲಿ ಬರೆದು ಕಳಿಸುವುದೂ ಉಂಟು.

ದಿನ ಎಲ್ಲಿಂದ ಎಲ್ಲಿಗೆ?

ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮ ಹವಾಮಾನ ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇವತ್ತು ಬೆಳಿಗ್ಗೆ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಅದನ್ನು ಇವತ್ತಿನ ತಾರೀಖಿನಲ್ಲಿ ಬರೆದುಕೊಳ್ಳುತ್ತಾರೆ. ಅಂದರೆ ಸೆಪ್ಟೆಂಬರ್ 30ರ ಸಂಜೆ ಸುರಿದ ಮಳೆ ಅಕ್ಟೋಬರ್ 1ರ ಲೆಕ್ಕಕ್ಕೆ ಹೋಗುತ್ತದೆ.

ಇದರಿಂದ ಏನು ತೊಂದರೆ? ನೀವು ಗಡುವನ್ನು 30ರ ರಾತ್ರಿ 12 ಗಂಟೆಗೆ ಇಟ್ಟಿರುತ್ತೀರಿ. ಸಂಜೆ ಧಾರಾಕಾರ ಮಳೆ ಬರುತ್ತದೆ. ಜಾಣರೊಬ್ಬರು ಕಿಟಕಿಯಿಂದ ನೋಡಿ, 11.50ಕ್ಕೆ ತಮ್ಮ ಊಹೆಗೆ 60 ಮಿ.ಮೀ. ಸೇರಿಸಿ ಕಳಿಸುತ್ತಾರೆ. ಮೋಸ ಅಂತ ಹೇಳುವ ಹಾಗಿಲ್ಲ, ನಿಯಮದಲ್ಲೇ ತೂತು ಇತ್ತು.

ಸುಲಭ ದಾರಿ ಇದೆ. ಗಡುವನ್ನು 1ನೇ ತಾರೀಖು ಬೆಳಿಗ್ಗೆ 8.30ಕ್ಕೆ ಇಡಿ. ಮಳೆಯ ಲೆಕ್ಕವನ್ನು 2ನೇ ತಾರೀಖಿನ ಅಂಕಿಯಿಂದ ಶುರು ಮಾಡಿ, ಮುಂದಿನ ತಿಂಗಳ 1ನೇ ತಾರೀಖಿನ ಅಂಕಿಗೆ ಮುಗಿಸಿ. ಆಗ ನಿಮ್ಮ ತಿಂಗಳು 1ರ ಬೆಳಿಗ್ಗೆಯಿಂದ ಮುಂದಿನ 1ರ ಬೆಳಿಗ್ಗೆಯವರೆಗೆ ಸರಿಯಾಗಿ ಕೂರುತ್ತದೆ. ಇಲಾಖೆ ಪ್ರಕಟಿಸುವ ತಿಂಗಳ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ಒಂದು ದಿನದ ವ್ಯತ್ಯಾಸ ಬರಬಹುದು. ಬರಲಿ ಬಿಡಿ. ದಿನದಿನದ ಅಂಕಿಯನ್ನು ನೀವೇ ಕೂಡಿಸುತ್ತೀರಲ್ಲ. ಇನ್ನೊಂದು ಲಾಭವೂ ಇದೆ. ಇಲಾಖೆ ಮುಂದಿನ ತಿಂಗಳ ಮುನ್ನೋಟವನ್ನು ಸಾಮಾನ್ಯವಾಗಿ ತಿಂಗಳ ಕೊನೆಯಲ್ಲಿ ಬಿಡುತ್ತದೆ. ಅದನ್ನು ನೋಡಿ ಯೋಚಿಸಲು ಎಲ್ಲರಿಗೂ ಒಂದು ರಾತ್ರಿ ಸಿಗುತ್ತದೆ.

ಗಡುವಿನ ಪಕ್ಕದಲ್ಲಿ "ಭಾರತೀಯ ಸಮಯ" ಅಂತ ಬರೆಯಲು ಮರೆಯಬೇಡಿ.

ಏನು ಕೇಳಬೇಕು

ಒಂದೇ ಪ್ರಶ್ನೆ ಇಟ್ಟರೆ ಅದೃಷ್ಟದ ಆಟವಾಗುತ್ತದೆ. ಹತ್ತು ಇಟ್ಟರೆ ಯಾರೂ ಫಾರ್ಮ್ ತುಂಬುವುದಿಲ್ಲ. ಐದು ಸಾಕು.

ಮೊದಲನೆಯದು ತಿಂಗಳ ಒಟ್ಟು ಮಳೆ, ಮಿ.ಮೀ.ನಲ್ಲಿ. ಎರಡನೆಯದು ಮಳೆ ದಿನಗಳು ಎಷ್ಟು. ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ನಾಲ್ಕು ಹನಿ ಬಿದ್ದು ಕೊಡೆ ಬಿಚ್ಚಿದ ದಿನವೆಲ್ಲ ಲೆಕ್ಕಕ್ಕಿಲ್ಲ. ಮೂರನೆಯದು ತಿಂಗಳಲ್ಲೇ ಅತಿ ಹೆಚ್ಚಿನ ಗರಿಷ್ಠ ಉಷ್ಣಾಂಶ. ನಾಲ್ಕನೆಯದು ಅತಿ ಕಡಿಮೆ ಕನಿಷ್ಠ ಉಷ್ಣಾಂಶ. ಕನಿಷ್ಠ ಉಷ್ಣಾಂಶವನ್ನು 2ನೇ ತಾರೀಖಿನಿಂದ ನೋಡಿ, 1ರ ಬೆಳಗಿನದ್ದು ಗಡುವಿನ ಹೊತ್ತಿಗೆ ಗೊತ್ತಾಗಿರುತ್ತದೆ.

ಐದನೆಯದು ಹೌದು, ಇಲ್ಲ ಎನ್ನುವ ಪ್ರಶ್ನೆ. ಆದರೆ ಉತ್ತರ ಶೇಕಡಾ ಲೆಕ್ಕದಲ್ಲಿ ಕೊಡಬೇಕು. "ಯಾವುದಾದರೂ ಒಂದು ದಿನ ಭಾರಿ ಮಳೆ ಆಗುತ್ತದೆಯೇ?" ಭಾರಿ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಹೆಚ್ಚು. ಇದು ಇಲಾಖೆಯದೇ ಅಳತೆ. 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಆಗುಂಬೆಗಾದರೆ ಜುಲೈಯಲ್ಲಿ 64.5 ಕೇಳುವುದರಲ್ಲಿ ಅರ್ಥವೇ ಇಲ್ಲ, 204.4 ಕೇಳಿ.

ಮಳೆಯೇ ಇಲ್ಲದ ಜನವರಿ, ಫೆಬ್ರವರಿಯಲ್ಲಿ ಮೊದಲ ಎರಡು ಪ್ರಶ್ನೆಗಳನ್ನು ಕೈಬಿಡಿ. ಎಲ್ಲರೂ ಸೊನ್ನೆ ಬರೆಯುತ್ತಾರೆ. ಬದಲಿಗೆ ಋತುವಿಗೆ ತಕ್ಕ ಪ್ರಶ್ನೆ ಹಾಕಿ. ಮಾರ್ಚ್‌ನಲ್ಲಿ ಕಾಫಿ ತೋಟದವರು ಹೂಮಳೆಗೆ ಕಾಯುತ್ತಿರುತ್ತಾರೆ, ಮಡಿಕೇರಿಯಲ್ಲಿ ಮೊದಲ 10 ಮಿ.ಮೀ. ಯಾವ ತಾರೀಖಿಗೆ ಬರುತ್ತದೆ ಅಂತ ಕೇಳಿ. ಮೇ ಕೊನೆಗೆ ಮುಂಗಾರು ಕೇರಳ ಮುಟ್ಟುವ ದಿನ. ವಾಡಿಕೆ ಜೂನ್ 1, ಆದರೆ 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟು ತನ್ನ ಪೂರ್ಣ ಮಟ್ಟವಾದ 124.80 ಅಡಿ ತಲುಪುವ ದಿನ ಇಟ್ಟರಂತೂ ಮಂಡ್ಯ, ಮೈಸೂರಿನವರು ಬಿಟ್ಟೇಳುವುದಿಲ್ಲ.

ಮಕ್ಕಳೂ ಆಡುತ್ತಿದ್ದರೆ "ದಕ್ಷಿಣ ಕನ್ನಡದಲ್ಲಿ ಮಳೆಗೆಂದು ಶಾಲೆಗೆ ಎಷ್ಟು ದಿನ ರಜೆ?" ಅಂತ ಒಂದು ತಮಾಷೆಯ ಪ್ರಶ್ನೆ ಹಾಕಿ. ಅದಕ್ಕೂ ನಿಯಮ ಬೇಕು ಮತ್ತೆ. ಇಡೀ ಜಿಲ್ಲೆಗೆ ಜಿಲ್ಲಾಧಿಕಾರಿ ಘೋಷಿಸಿದ ರಜೆ ಮಾತ್ರ, ತಾಲ್ಲೂಕಿನದ್ದು ಬೇಡ. ಸಾವು, ಬೆಳೆಹಾನಿ, ಮನೆ ಕುಸಿತ ಇವುಗಳ ಮೇಲೆ ಪ್ರಶ್ನೆ ಹಾಕಲೇಬೇಡಿ.

ಊಹೆ ತೆಗೆದುಕೊಳ್ಳುವುದು

ಗುಂಪಿನಲ್ಲೇ ಬರೆಯಿರಿ ಅಂದರೆ ಕೊನೆಗೆ ಬರುವವರಿಗೆ ಅನುಕೂಲ. ಎಲ್ಲರದ್ದನ್ನೂ ನೋಡಿ, ಖಾಲಿ ಇರುವ ಜಾಗದಲ್ಲಿ ತಮ್ಮ ಸಂಖ್ಯೆ ತೂರಿಸುತ್ತಾರೆ. ಆದ್ದರಿಂದ ಗೂಗಲ್ ಫಾರ್ಮ್ ಒಳ್ಳೆಯದು. ಹೆಸರು, ಐದು ಉತ್ತರ, "ಯಾಕೆ ಹೀಗೆ ಅಂದುಕೊಂಡಿರಿ?" ಅಂತ ಒಂದು ಸಾಲು. ಈ ಕೊನೆಯ ಸಾಲಿಗೆ ಅಂಕ ಇಲ್ಲ, ಆದರೆ ಆಟದ ರುಚಿಯೆಲ್ಲ ಅಲ್ಲೇ ಇದೆ. ಒಬ್ಬರು ಪೆಸಿಫಿಕ್ ಸಾಗರ ತಣ್ಣಗಾಗಿದೆ, ಲಾ ನಿನಾ ಅಂತ ಬರೆದಿರುತ್ತಾರೆ. ಇನ್ನೊಬ್ಬರು "ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿದೆ" ಅಂತ ಬರೆದಿರುತ್ತಾರೆ.

ಫಾರ್ಮ್‌ನಲ್ಲಿ ಸಂಖ್ಯೆ ಮಾತ್ರ ತೆಗೆದುಕೊಳ್ಳುವ ಹಾಗೆ ಕಟ್ಟುಪಾಡು ಹಾಕಿ. ಇಲ್ಲದಿದ್ದರೆ "ಒಂದು 150 ಇರಬಹುದು" ಅಂತೆಲ್ಲ ಬರುತ್ತದೆ. ಗಡುವು ಮುಗಿದ ತಕ್ಷಣ ಫಾರ್ಮ್ ಮುಚ್ಚಿ, ಎಲ್ಲರ ಊಹೆಯ ಪಟ್ಟಿಯನ್ನು ಗುಂಪಿಗೆ ಹಾಕಿ. ಆಮೇಲೆ ಯಾರದ್ದೂ ಬದಲಾಗುವಂತಿಲ್ಲ. ತಡವಾಗಿ ಬಂದವರಿಗೆ 3ನೇ ತಾರೀಖಿನವರೆಗೆ ಅವಕಾಶ ಕೊಡಬಹುದು, ಆದರೆ ದಿನಕ್ಕೆ 25 ಅಂಕ ಕಡಿತ. ನಡೆಸುವವರು ಆಡಬಾರದು ಅಂತೇನಿಲ್ಲ. ಅವರು ತಮ್ಮ ಊಹೆಯನ್ನು ಎಲ್ಲರಿಗಿಂತ ಮೊದಲು ಗುಂಪಿನಲ್ಲಿ ಬಹಿರಂಗವಾಗಿ ಹಾಕಿದರೆ ಸಾಕು.

ಅಂಕ ಕೊಡುವುದು

ಇಲ್ಲಿ ಸ್ವಲ್ಪ ಗಣಿತ ಬೇಕು. ಹೈಸ್ಕೂಲಿನದ್ದೇ.

ಮಳೆಯ ತಪ್ಪನ್ನು ಬರೀ ಮಿ.ಮೀ.ನಲ್ಲಿ ಅಳೆಯಬೇಡಿ. ಜುಲೈಯಲ್ಲಿ ಮಂಗಳೂರಿಗೆ ಸಾವಿರ ಮಿ.ಮೀ. ಆಸುಪಾಸು ಬೀಳುತ್ತದೆ. ಅಲ್ಲಿ 50 ಮಿ.ಮೀ. ತಪ್ಪಾದರೆ ನೀವು ಗಟ್ಟಿಗರು. ಬೆಂಗಳೂರಿನ ಜೂನ್‌ನಲ್ಲಿ ಅದೇ 50 ದೊಡ್ಡ ತಪ್ಪು. ಆದ್ದರಿಂದ ತಪ್ಪನ್ನು ಆ ತಿಂಗಳ ವಾಡಿಕೆ ಮಳೆಯಿಂದ ಭಾಗಿಸಿ. ಬೆಂಗಳೂರು ನಗರದ ಜೂನ್ ವಾಡಿಕೆ ಸುಮಾರು 110 ಮಿ.ಮೀ. ನೀವು 90 ಅಂದಿರಿ, ಬಿದ್ದದ್ದು 140. ತಪ್ಪು 50. ಐವತ್ತನ್ನು 110ರಿಂದ ಭಾಗಿಸಿದರೆ ಶೇ 45. ನೂರರಲ್ಲಿ 45 ಹೋದರೆ 55 ಅಂಕ. ಸೊನ್ನೆಗಿಂತ ಕೆಳಗೆ ಇಳಿಸುವುದು ಬೇಡ.

ಮಳೆ ದಿನಗಳಿಗೆ ಒಂದು ದಿನ ತಪ್ಪಿದರೆ 10 ಅಂಕ ಕಡಿತ. ಉಷ್ಣಾಂಶಕ್ಕೆ ಪ್ರತಿ 0.1 ಡಿಗ್ರಿಗೆ 2 ಅಂಕ. 34.5 ಅಂದಿದ್ದು 35.2 ಆದರೆ 14 ಅಂಕ ಹೋಗಿ 86 ಉಳಿಯುತ್ತದೆ.

ಶೇಕಡಾ ಪ್ರಶ್ನೆಗೆ ಹವಾಮಾನ ತಜ್ಞರೇ ಬಳಸುವ ಲೆಕ್ಕವಿದೆ. ಗ್ಲೆನ್ ಬ್ರಯರ್ ಎಂಬವರು 1950ರಲ್ಲಿ ಕೊಟ್ಟದ್ದು. ಘಟನೆ ನಡೆದರೆ 1, ನಡೆಯದಿದ್ದರೆ 0. ಅದಕ್ಕೂ ನೀವು ಹೇಳಿದ ಸಂಭವಕ್ಕೂ ಇರುವ ಅಂತರದ ವರ್ಗ ತೆಗೆಯಿರಿ. ಅದನ್ನು 1ರಿಂದ ಕಳೆದು 100ರಿಂದ ಗುಣಿಸಿ. ಶೇ 80 ಅಂದಿರಿ, ಭಾರಿ ಮಳೆ ಬಂತು: ಅಂತರ 0.2, ವರ್ಗ 0.04, ಸಿಕ್ಕಿದ್ದು 96. ಬರಲಿಲ್ಲ: ಅಂತರ 0.8, ವರ್ಗ 0.64, ಸಿಕ್ಕಿದ್ದು 36. ಶೇ 100 ಅಂತ ಎದೆ ತಟ್ಟಿ ಹೇಳಿ ತಪ್ಪಿದರೆ ಸೊನ್ನೆ. ಗೊತ್ತಿಲ್ಲ ಅಂತ ಶೇ 50 ಬರೆದವರಿಗೆ ಏನೇ ಆದರೂ 75. ಬಾಯಿ ಜೋರಿನವರು ಎರಡು ತಿಂಗಳಲ್ಲಿ ತಣ್ಣಗಾಗುವುದು ಈ ಪ್ರಶ್ನೆಯಿಂದಲೇ.

ಗೂಗಲ್ ಶೀಟ್‌ನಲ್ಲಿ ಒಂದು ಸಲ ಸೂತ್ರ ಬರೆದಿಟ್ಟರೆ ಪ್ರತಿ ತಿಂಗಳೂ ಅಂಕಿ ತುಂಬಿದರೆ ಸಾಕು. ಎಬಿಎಸ್ ಎಂಬ ಸೂತ್ರ ಅಂತರವನ್ನು ಯಾವಾಗಲೂ ಧನ ಸಂಖ್ಯೆಯಾಗಿ ಕೊಡುತ್ತದೆ. ಮ್ಯಾಕ್ಸ್ ಸೂತ್ರದಲ್ಲಿ ಸೊನ್ನೆ ಸೇರಿಸಿದರೆ ಅಂಕ ಋಣಕ್ಕೆ ಇಳಿಯುವುದಿಲ್ಲ. ಶೀಟನ್ನು ಎಲ್ಲರೂ ನೋಡುವ ಹಾಗೆ ತೆರೆದಿಡಿ, ತಿದ್ದುವ ಹಕ್ಕು ಮಾತ್ರ ಒಬ್ಬರಿಗೇ.

ಮಾಮೂಲಪ್ಪನನ್ನು ಆಟಕ್ಕೆ ಸೇರಿಸಿ

ಇಷ್ಟು ಮಾಡಿದರೆ ಸ್ಪರ್ಧೆ ನಡೆಯುತ್ತದೆ. ಆದರೆ ಗೆದ್ದವರಿಗೆ ನಿಜವಾಗಿಯೂ ಏನಾದರೂ ಗೊತ್ತಿತ್ತೇ? ಅದು ತಿಳಿಯಬೇಕಾದರೆ ಒಬ್ಬ ಸುಳ್ಳು ಆಟಗಾರನನ್ನು ಸೇರಿಸಬೇಕು. ಅವನಿಗೆ ಮಾಮೂಲಪ್ಪ ಅಂತ ಹೆಸರಿಡಿ. ಅವನು ಮೋಡ ನೋಡುವುದಿಲ್ಲ, ಸುದ್ದಿ ಕೇಳುವುದಿಲ್ಲ. ಪ್ರತಿ ತಿಂಗಳೂ ಆ ತಿಂಗಳ ವಾಡಿಕೆಯ ಅಂಕಿಯನ್ನೇ ಬರೆಯುತ್ತಾನೆ. ಇಲಾಖೆ 1991ರಿಂದ 2020ರವರೆಗಿನ ಮೂವತ್ತು ವರ್ಷದ ಸರಾಸರಿ ಕೊಡುತ್ತದೆ, ಅವನಿಗೆ ಅಷ್ಟೇ ಸಾಕು.

ವರ್ಷದ ಕೊನೆಗೆ ನೋಡಿ, ಮಾಮೂಲಪ್ಪ ಮೇಲಿನ ಸ್ಥಾನಗಳಲ್ಲೇ ಇರುತ್ತಾನೆ. ಹವಾಮಾನದಲ್ಲಿ ವಾಡಿಕೆಯನ್ನು ಸೋಲಿಸುವುದು ಅಷ್ಟು ಸುಲಭವಲ್ಲ. ಒಂದು ತಿಂಗಳಲ್ಲಿ ಅವನನ್ನು ಯಾರು ಬೇಕಾದರೂ ಸೋಲಿಸಬಹುದು. ಹನ್ನೆರಡು ತಿಂಗಳ ಮೊತ್ತದಲ್ಲಿ ಸೋಲಿಸಿದವರು ಇದ್ದರೆ ಅವರ ಮಾತನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ನನ್ನ ಕೇಳಿದರೆ, ತಿಂಗಳ ಬಹುಮಾನಕ್ಕಿಂತ "ಮಾಮೂಲಪ್ಪನನ್ನು ಸೋಲಿಸಿದವರು" ಎಂಬ ಪಟ್ಟಿಗೇ ಬೆಲೆ ಜಾಸ್ತಿ.

ಇನ್ನೊಬ್ಬ ಸುಳ್ಳು ಆಟಗಾರನನ್ನೂ ಹಾಕಬಹುದು. ಎಲ್ಲರ ಊಹೆಗಳನ್ನು ಸಾಲಾಗಿ ಜೋಡಿಸಿ, ನಟ್ಟನಡುವಿನ ಸಂಖ್ಯೆಯನ್ನು ಅವನ ಹೆಸರಿಗೆ ಬರೆಯಿರಿ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಜಾತ್ರೆಯೊಂದರ ಎತ್ತಿನ ತೂಕದ ಪಂದ್ಯದ ಚೀಟಿಗಳನ್ನು ಹೀಗೆ ಜೋಡಿಸಿ ನೋಡಿದ್ದರು. ನಡುವಿನ ಊಹೆ 1207 ಪೌಂಡ್, ನಿಜವಾದ ತೂಕ 1198. ಗುಂಪಿನ ನಡುವಿನ ಮಾತು ಒಬ್ಬೊಬ್ಬರ ಮಾತಿಗಿಂತ ಚೆನ್ನಾಗಿ ಕೂರುವುದು ಮಳೆಯಲ್ಲೂ ಉಂಟು.

ಒಳ್ಳೆಯ ಊಹೆ ಮಾಡುವುದು ಹೇಗೆ?

ಆಡುವವರಿಗೆ ನಾಲ್ಕು ಮಾತು. ವಾಡಿಕೆಯಿಂದ ಶುರು ಮಾಡಿ, ಕಾರಣ ಇದ್ದಷ್ಟೇ ಆಚೀಚೆ ಸರಿಯಿರಿ. ಕಾರಣ ಅಂದರೆ ಏನು? ಇಲಾಖೆಯ ತಿಂಗಳ ಮುನ್ನೋಟ ಒಂದು. ಪ್ರತಿ ಗುರುವಾರ ಬರುವ ಮುಂದಿನ ವಾರಗಳ ಮುನ್ಸೂಚನೆ ಇನ್ನೊಂದು. ಪೆಸಿಫಿಕ್ ಸಾಗರ ಬೆಚ್ಚಗಾಗುವ ಎಲ್ ನಿನೊ ಇದೆಯೇ, ತಣ್ಣಗಾಗುವ ಲಾ ನಿನಾ ಇದೆಯೇ ಎಂಬುದು ಮತ್ತೊಂದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗುವ ಲಕ್ಷಣ ಇದೆಯೇ ನೋಡಿ. ಮೊಬೈಲ್ ಆ್ಯಪ್ 25ನೇ ತಾರೀಖಿಗೆ ಇಷ್ಟೇ ಮಳೆ ಅಂತ ತೋರಿಸಿದರೆ ನಗಿ. ದಿನದ ಲೆಕ್ಕದ ಮುನ್ಸೂಚನೆಗೆ ಎರಡು ವಾರವೇ ಕೊನೆಯ ಗಡಿ, ನಂಬುವ ಹಾಗಿರುವುದು ಒಂದು ವಾರ.

ಎಲ್ಲ ನೋಡಿದ ಮೇಲೂ ಮಳೆ ಕೈಕೊಡುತ್ತದೆ. 2023ರ ಆಗಸ್ಟ್‌ನಲ್ಲಿ ದೇಶದಲ್ಲಿ ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆಯಾಯಿತು. 1901ರಿಂದ ಇರುವ ದಾಖಲೆಯಲ್ಲೇ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಇದಕ್ಕೆ ಪೂರ್ತಿ ವಿರುದ್ಧ 2024ರ ಜೂನ್ 2. ಆ ಭಾನುವಾರ ಬೆಂಗಳೂರು ನಗರದಲ್ಲಿ ಸುಮಾರು 111 ಮಿ.ಮೀ. ಸುರಿಯಿತು. ಜೂನ್ ಪೂರ್ತಿ ಬೀಳಬೇಕಾದದ್ದು ಒಂದೇ ದಿನ ಬಿತ್ತು, 1891ರ ಜೂನ್ ದಾಖಲೆಯೂ ಮುರಿಯಿತು. ವಾಡಿಕೆಗಿಂತ ಕಡಿಮೆ ಬರೆದಿದ್ದವರೆಲ್ಲ ಅಂಥ ತಿಂಗಳಲ್ಲಿ ಎರಡನೇ ದಿನಕ್ಕೇ ಮುಗಿದರು.

ಗರಿಷ್ಠ ಉಷ್ಣಾಂಶ ಊಹಿಸುವಾಗ ಹಳೆಯ ದಾಖಲೆಯನ್ನು ಬೇಲಿಯಾಗಿ ಇಟ್ಟುಕೊಳ್ಳಿ. ಬೆಂಗಳೂರು ನಗರದಲ್ಲಿ ಈವರೆಗಿನ ಅತಿ ಹೆಚ್ಚು 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ಅತಿ ಕಡಿಮೆ 7.8, 1884ರ ಜನವರಿಯಲ್ಲಿ. "ಈ ಸಲ 42 ಗ್ಯಾರಂಟಿ" ಅನ್ನುವವರಿಗೆ ಇದನ್ನು ತೋರಿಸಿ.

ಮನೆಯ ಹಿರಿಯರನ್ನು ಬಿಡಬೇಡಿ. ಅವರಿಗೆ ಜೂನ್, ಜುಲೈ ಲೆಕ್ಕವಿಲ್ಲ, ಮಳೆ ನಕ್ಷತ್ರದ ಲೆಕ್ಕ. ಜೂನ್ 7-8ರ ಹೊತ್ತಿಗೆ ಮೃಗಶಿರ, 21-22ಕ್ಕೆ ಆರಿದ್ರ, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು. "ಮಘೆ ಮಳೆ ಹೊಯ್ದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಅಂತ ಗಾದೆ ಹೇಳಿ ಸುಮ್ನೆ ಕೂರಲು ಬಿಡಬೇಡಿ, ಎಷ್ಟು ಮಿ.ಮೀ. ಅಂತ ಕೇಳಿ ಬರೆಸಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪಂಚಾಂಗದವರದ್ದು ಒಂದು ತಂಡ, ಕಂಪ್ಯೂಟರ್ ಮುನ್ಸೂಚನೆಯ ಮಾಡೆಲ್ ನಕ್ಷೆ ನೋಡುವವರದ್ದು ಒಂದು ತಂಡ ಮಾಡಿದರೆ ಗುಂಪು ಮಲಗುವುದೇ ಇಲ್ಲ. ಪಂಚಾಂಗ ಗೆದ್ದ ತಿಂಗಳು ಗುಂಪಿನಲ್ಲಿ ಬರುವ ಸಂದೇಶಗಳನ್ನು ಓದುವುದೇ ಒಂದು ಹಬ್ಬ.

ದುಡ್ಡು ಬೇಡ, ಸುದ್ದಿಯೂ ಬೇಡ

ಪ್ರವೇಶ ಶುಲ್ಕ, ಪಂದ್ಯದ ಹಣ ಯಾವುದೂ ಬೇಡ. ಮಳೆಯ ಮೇಲೆ ಜೂಜು ಹಳೆಯ ಚಾಳಿ. ಹತ್ತೊಂಬತ್ತನೇ ಶತಮಾನದಲ್ಲಿ ಕೊಲ್ಕತ್ತಾದ ಬಡಾ ಬಜಾರ್‌ನಲ್ಲಿ ಅದು ಎಷ್ಟು ಬೆಳೆದಿತ್ತೆಂದರೆ, 1897ರಲ್ಲಿ ಅದನ್ನು ನಿಲ್ಲಿಸಲೆಂದೇ ಕಾನೂನು ತರಬೇಕಾಯಿತು. ಸ್ನೇಹದ ಆಟ ಸ್ನೇಹದ ಆಟವಾಗಿಯೇ ಇರಲಿ. ಗೆದ್ದವರಿಗೆ ಒಂದು ಕೊಡೆ, ಅಥವಾ ಸೋತವರ ಕೈಯಿಂದ ಒಂದು ತಟ್ಟೆ ಬಜ್ಜಿ, ಅಷ್ಟು ಸಾಕು.

ಊಹೆಯ ಪಟ್ಟಿಯ ಮೇಲೆ "ಇದು ಆಟ, ಮುನ್ಸೂಚನೆ ಅಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು "ಅಕ್ಟೋಬರ್‌ನಲ್ಲಿ 400 ಮಿ.ಮೀ. ಮಳೆ, ಎಚ್ಚರ" ಅಂತ ಹತ್ತು ಗುಂಪಿಗೆ ಕಳಿಸಿಬಿಡುತ್ತಾರೆ. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಹೇಳುವ ಕೆಲಸ ಇಲಾಖೆಯದ್ದು.

ತಿಂಗಳ ಕೆಲಸ, ಗುಂಪಿಗೆ ಹಾಕುವ ಸೂಚನೆ

ದಿನವೂ ಅಂಕಿ ತುಂಬುವುದು ಐದು ನಿಮಿಷದ ಕೆಲಸ. ವಾರಕ್ಕೊಮ್ಮೆ ಒಟ್ಟಿಗೆ ತುಂಬುತ್ತೇನೆ ಅಂದುಕೊಳ್ಳಬೇಡಿ. ಹಳೆಯ ದಿನದ ಅಂಕಿ ಹುಡುಕುವುದು ರಗಳೆ. ಪ್ರತಿ ಭಾನುವಾರ "ಇಲ್ಲಿಯವರೆಗೆ ಇಷ್ಟು ಮಳೆ, ಸದ್ಯಕ್ಕೆ ಇವರು ಮುಂದೆ" ಅಂತ ಒಂದು ಸಂದೇಶ ಹಾಕಿ. ಇಲ್ಲದಿದ್ದರೆ 15ನೇ ತಾರೀಖಿಗೆ ಜನ ಆಟವನ್ನೇ ಮರೆತಿರುತ್ತಾರೆ.

ಅಕ್ಟೋಬರ್ ತಿಂಗಳಿಗೆ ಸೂಚನೆ ಹೀಗಿರಬಹುದು. ಊರು, ಅಂಕಿ ಬದಲಿಸಿ ಬಳಸಿಕೊಳ್ಳಿ:

"ಅಕ್ಟೋಬರ್ ಊಹೆ ಶುರು. ಕೇಂದ್ರ: ಬೆಂಗಳೂರು ನಗರ. ಅಲ್ಲಿಯ ಅಂಕಿ ಮೂರು ದಿನಕ್ಕಿಂತ ಹೆಚ್ಚು ಸಿಗದಿದ್ದರೆ ಸಿಗದ ದಿನಗಳಿಗೆ ಎಚ್‌ಎಎಲ್ ಅಂಕಿ, ಅದಕ್ಕಿಂತ ಕಡಿಮೆಯಾದರೆ ಆ ದಿನಗಳು ಲೆಕ್ಕಕ್ಕಿಲ್ಲ. ಮಳೆಯ ಲೆಕ್ಕ ಅ. 2ರ ಬೆಳಿಗ್ಗೆ 8.30ರ ಅಂಕಿಯಿಂದ ನ. 1ರ ಅಂಕಿಯವರೆಗೆ. ವಾಡಿಕೆ ಮಳೆ ಸುಮಾರು 186 ಮಿ.ಮೀ. ಪ್ರಶ್ನೆ ಐದು, ಒಟ್ಟು 500 ಅಂಕ. ಗಡುವು ಅ. 1, ಬೆಳಿಗ್ಗೆ 8.30, ಭಾರತೀಯ ಸಮಯ. ತಡವಾದರೆ ದಿನಕ್ಕೆ 25 ಅಂಕ ಕಡಿತ, 3ರ ನಂತರ ಬಂದದ್ದು ತೆಗೆದುಕೊಳ್ಳುವುದಿಲ್ಲ. ಅಂಕ ಸಮವಾದರೆ ಒಟ್ಟು ಮಳೆಯನ್ನು ಹತ್ತಿರ ಹೇಳಿದವರು ಮುಂದೆ, ಅದೂ ಸಮವಾದರೆ ಮೊದಲು ಫಾರ್ಮ್ ಕಳಿಸಿದವರು ಮುಂದೆ. ಫಲಿತಾಂಶ ನ. 3ರ ರಾತ್ರಿ. ಆಮೇಲೆ ಇಲಾಖೆ ಅಂಕಿ ತಿದ್ದಿದರೂ ನಮ್ಮ ಫಲಿತಾಂಶ ಬದಲಾಗುವುದಿಲ್ಲ. ಮಾಮೂಲಪ್ಪ ಆಗಲೇ ತನ್ನ ಫಾರ್ಮ್ ಕಳಿಸಿದ್ದಾನೆ."